'ಒಗೆದು, ಒಣಗಿಸಿ, ಪ್ಯಾಕ್ ಮಾಡಿ': ಇಷ್ಟನ್ನು ಇಂಗ್ಲಿಷ್‌ನಲ್ಲಿ ಜೋಡಿಸುವುದು ಹೇಗೆ?

ಪ್ರಶ್ನೆ (ಬಳ್ಳಾರಿ): ನಮಸ್ಕಾರ ಸರ್. ಇಲ್ಲಿ ಒಂದು ಜೀನ್ಸ್ ಯೂನಿಟ್‌ನಲ್ಲಿ ಆಫೀಸ್ ಕೆಲಸ ನೋಡಿಕೊಳ್ಳುತ್ತೇನೆ. ಮುಂಬೈ ಪಾರ್ಟಿಗೆ ಇಂಗ್ಲಿಷ್‌ನಲ್ಲಿ ಮೇಲ್ ಹಾಕುವುದು ನನ್ನ ತಲೆಗೇ ಬಂದಿದೆ. 'ಮಾಲು ಒಗೆದು, ಒಣಗಿಸಿ, ಇಸ್ತ್ರಿ ಮಾಡಿ, ಪ್ಯಾಕ್ ಮಾಡಿ ಲಾರಿಗೆ ಹಾಕಿದ್ದೇವೆ' ಅಂತ ಹೇಳಬೇಕಿತ್ತು. 'ಹ್ಯಾವಿಂಗ್ ವಾಷ್ಡ್, ಹ್ಯಾವಿಂಗ್ ಡ್ರೈಡ್, ಹ್ಯಾವಿಂಗ್ ಐರನ್ಡ್...' ಅಂತ ಶುರು ಮಾಡಿದೆ. ಓದಿದವರೆಲ್ಲ ನಕ್ಕರು. ಯಾಕೆ ಅಂತ ಯಾರಿಗೂ ಹೇಳಲು ಬರಲಿಲ್ಲ. ತಪ್ಪು ಎಲ್ಲಿದೆ ಸರ್?

ಉತ್ತರ (ನಿವೃತ್ತ ಇಂಗ್ಲಿಷ್ ಉಪನ್ಯಾಸಕ): ನಮಸ್ಕಾರ ತಮ್ಮಾ. ನೀನು ಕನ್ನಡದ ಕಟ್ಟನ್ನು ಹಾಗೇ ಎತ್ತಿ ಇಂಗ್ಲಿಷ್‌ಗೆ ಇಟ್ಟಿದ್ದೀಯ, ಅಷ್ಟೇ. ನಮ್ಮ ವಾಕ್ಯಕ್ಕೆ ಒಂದೇ ಪೂರ್ಣ ಕ್ರಿಯಾಪದ ಸಾಕು, ಅದೂ ಕೊನೆಯಲ್ಲಿ. 'ಒಗೆದು, ಒಣಗಿಸಿ' ಎಲ್ಲ ಅರ್ಧಕ್ಕೇ ನಿಂತಿರುತ್ತವೆ. ಯಾರು ಮಾಡಿದ್ದು, ಯಾವಾಗ ಮಾಡಿದ್ದು ಅಂತ ಹೇಳುವುದು ಕೊನೆಯ 'ಹಾಕಿದ್ದೇವೆ' ಮಾತ್ರ. ಶಾಲೆಯಲ್ಲಿ 'ಹೋಗಿ' ಅಂದರೆ 'ಹ್ಯಾವಿಂಗ್ ಗಾನ್' ಅಂತ ಬಾಯಿಪಾಠ ಮಾಡಿಸಿರುತ್ತಾರೆ. ಆ ಹ್ಯಾವಿಂಗ್ ಜನ್ಮಪೂರ್ತಿ ಬಿಡುವುದಿಲ್ಲ.

ಒಂದಾದ ಮೇಲೆ ಒಂದು ಕೆಲಸ ನಡೆದರೆ ಇಂಗ್ಲಿಷ್ ಎಲ್ಲಕ್ಕೂ ಸಮಾನ ಸ್ಥಾನ ಕೊಡುತ್ತದೆ. ಎಲ್ಲಕ್ಕೂ ಒಂದೇ ಕಾಲ, ಕೊನೆಯದರ ಹಿಂದೆ ಒಂದು 'ಆ್ಯಂಡ್'. 'ವಿ ಹ್ಯಾವ್ ವಾಷ್ಡ್, ಡ್ರೈಡ್, ಐರನ್ಡ್ ಆ್ಯಂಡ್ ಪ್ಯಾಕ್ಡ್ ದ ಗೂಡ್ಸ್ ಆ್ಯಂಡ್ ಲೋಡೆಡ್ ದೆಮ್ ಆನ್ ದ ಟ್ರಕ್.' ನೋಡು, 'ವಿ ಹ್ಯಾವ್' ಒಂದೇ ಸಲ ಬಂತು. ಅದೇ ಎಲ್ಲಕ್ಕೂ ಸಾಕು.

ಹ್ಯಾವಿಂಗ್ ಬೇಡವೇ ಬೇಡ ಅಂತಲ್ಲ. ಮೊದಲ ಕೆಲಸ ಪೂರ್ತಿ ಮುಗಿದಿದೆ, ಅದರ ಬಲದ ಮೇಲೇ ಎರಡನೇ ಮಾತು ಹೇಳುತ್ತಿದ್ದೇವೆ ಅನ್ನುವಾಗ ಅದು ಸರಿ. 'ಹ್ಯಾವಿಂಗ್ ಚೆಕ್ಡ್ ಎವ್ರಿ ಪೀಸ್, ವಿ ಸ್ಟ್ಯಾಂಡ್ ಬೈ ದ ಕ್ವಾಲಿಟಿ.' ಆದರೆ ಅದು ಸ್ವಲ್ಪ ಗತ್ತಿನ ಮಾತು. ಒಂದು ಮೇಲ್‌ಗೆ ಒಂದೇ ಜಾಸ್ತಿ. ಸುಮ್ನೆ 'ಆಫ್ಟರ್ ಚೆಕಿಂಗ್' ಅಂದರೂ ನಡೆಯುತ್ತದೆ.

ಬರೀ 'ಇಂಗ್' ಬಂದರೆ ಹೆಚ್ಚಾಗಿ ಅದು ನಮ್ಮ 'ಉತ್ತಾ'. 'ಹಿ ಸ್ಟುಡ್ ಅಟ್ ದ ಗೇಟ್, ಕೌಂಟಿಂಗ್ ದ ಬಂಡಲ್ಸ್.' ಬಂಡಲ್ ಎಣಿಸುತ್ತಾ ಗೇಟಿನಲ್ಲಿ ನಿಂತಿದ್ದ. ಎರಡೂ ಒಟ್ಟಿಗೇ ನಡೆಯುತ್ತಿವೆ.

ನಮ್ಮವರು ಬಳಸದೇ ಬಿಡುವ ಇನ್ನೊಂದು 'ಇಂಗ್' ಇದೆ. ನನಗೆ ಬಹಳ ಇಷ್ಟದ್ದು ಅದೇ. 'ಬಾಯ್ಲರ್ ಕೆಟ್ಟು ಮಾಲು ಎರಡು ದಿನ ತಡವಾಯಿತು' ಅನ್ನುತ್ತೇವೆ. ಇಲ್ಲಿ ಕಾರಣ ಅರ್ಧ ಕ್ರಿಯಾಪದ, ಪರಿಣಾಮ ಪೂರ್ಣ ಕ್ರಿಯಾಪದ. ಇಂಗ್ಲಿಷ್ ಇದನ್ನು ತಿರುಗಿಸಿ ಹಾಕುತ್ತದೆ: 'ದ ಬಾಯ್ಲರ್ ಫೇಲ್ಡ್, ಡಿಲೇಯಿಂಗ್ ದ ಗೂಡ್ಸ್ ಬೈ ಟೂ ಡೇಸ್.' ಕಾರಣಕ್ಕೆ ಪೂರ್ಣ ಕ್ರಿಯಾಪದ ಸಿಕ್ಕಿತು, ಪರಿಣಾಮ 'ಇಂಗ್' ಹಚ್ಚಿಕೊಂಡು ಬಾಲದಲ್ಲಿ ಕೂತಿತು. ಇಂಗ್ಲಿಷ್ ಪೇಪರ್ ಓದುವಾಗ ಗಮನಿಸು. ಅಪಘಾತದ ಸುದ್ದಿ, ಮಳೆಯ ಸುದ್ದಿಯಲ್ಲಿ ಇದು ಕಾಣುತ್ತಲೇ ಇರುತ್ತದೆ.

ಮತ್ತೆ ಪ್ರಶ್ನೆ (ಬಳ್ಳಾರಿ): ಹಾಗಾದರೆ 'ಹ್ಯಾವಿಂಗ್ ಚೆಕ್ಡ್ ಟ್ವೈಸ್, ದ ಪ್ಯಾಂಟ್ಸ್ ವರ್ ಡಿಸ್‌ಪ್ಯಾಚ್ಡ್' ಸರಿ ಅಲ್ವಾ ಸರ್? ಹ್ಯಾವಿಂಗ್ ಒಂದೇ ಇದೆ.

ಉತ್ತರ: ಪ್ಯಾಂಟುಗಳೇ ಎದ್ದು ನಿಂತು ಎರಡು ಸಲ ಚೆಕ್ ಮಾಡಿದ ಹಾಗಾಯಿತಲ್ಲ! ಪಾರ್ಟಿಸಿಪಲ್‌ನಿಂದ, ಅಂದರೆ 'ಹ್ಯಾವಿಂಗ್ ಚೆಕ್ಡ್', 'ಕೌಂಟಿಂಗ್' ಥರದ ಅರ್ಧ ಕ್ರಿಯಾಪದದಿಂದ ವಾಕ್ಯ ಶುರುವಾದರೆ, ಕಾಮಾ ಆದ ಮೇಲೆ ಬರುವ ಸಬ್ಜೆಕ್ಟೇ ಆ ಕೆಲಸ ಮಾಡಿರಬೇಕು. ಚೆಕ್ ಮಾಡಿದ್ದು ನೀವು. 'ಹ್ಯಾವಿಂಗ್ ಚೆಕ್ಡ್ ದ ಪ್ಯಾಂಟ್ಸ್ ಟ್ವೈಸ್, ವಿ ಡಿಸ್‌ಪ್ಯಾಚ್ಡ್ ದೆಮ್' ಅನ್ನು.

ಕನ್ನಡಕ್ಕೆ ಈ ಕಟ್ಟುನಿಟ್ಟು ಇಲ್ಲ. 'ಮಳೆ ಬಂದು ಭತ್ತ ನೆಲಕ್ಕೊರಗಿತು' ಅಂತ ಸಿರುಗುಪ್ಪದ ಯಾವ ರೈತನಾದರೂ ಹೇಳುತ್ತಾನೆ. ಬಂದದ್ದು ಮಳೆ, ಒರಗಿದ್ದು ಭತ್ತ. ಕಾರಣ ಹೇಳುವಾಗ ಎರಡು ಸಬ್ಜೆಕ್ಟ್ ಇದ್ದರೂ ನಮಗೆ ಅಡ್ಡಿಯಿಲ್ಲ. ಇಂಗ್ಲಿಷ್‌ನಲ್ಲಿ 'ಇಟ್ ರೇನ್ಡ್ ಹಾರ್ಡ್ ಆ್ಯಂಡ್ ದ ಪ್ಯಾಡಿ ಫೆಲ್ ಫ್ಲ್ಯಾಟ್' ಅನ್ನಬೇಕು. ಇಲ್ಲವೇ ಮಳೆಯನ್ನೇ ಸಬ್ಜೆಕ್ಟ್ ಮಾಡಿ 'ಹೆವಿ ರೇನ್ ಫ್ಲ್ಯಾಟನ್ಡ್ ದ ಪ್ಯಾಡಿ' ಅಂತ ಮುಗಿಸಬಹುದು. ನನಗೆ ಎರಡನೆಯದೇ ಚೆಂದ.

ಸಿಂಧನೂರಿನಿಂದ ಒಬ್ಬ ವಿದ್ಯಾರ್ಥಿನಿ: ಸರ್, ಷೇಕ್ಸ್‌ಪಿಯರ್‌ಗೆ ಈ ನಿಯಮ ಇಲ್ಲವಾ? ಹ್ಯಾಮ್ಲೆಟ್‌ನಲ್ಲಿ ಅಪ್ಪನ ದೆವ್ವ ಬಂದು, ತಾನು ತೋಟದಲ್ಲಿ ಮಲಗಿದ್ದಾಗ ಹಾವು ಕಚ್ಚಿತು ಅಂತ ಸುದ್ದಿ ಹಬ್ಬಿಸಿದ್ದಾರೆ ಅನ್ನುತ್ತದೆ. ಅಲ್ಲಿ 'ಸ್ಲೀಪಿಂಗ್' ಆದ ಮೇಲೆ ನೇರ ಹಾವೇ ಬರುತ್ತದೆ. ಹಾಗಾದರೆ ಮಲಗಿದ್ದು ಹಾವಾ?

ಉತ್ತರ: ಭಲೇ ತಂಗಿ! ನಿಯಮದ ಪ್ರಕಾರ ಹಾವೇ. ಆದರೆ ಅಲ್ಲಿ ಕೇಳುವವನಿಗೆ ಗೊಂದಲವೇ ಆಗುವುದಿಲ್ಲ, ಅದಕ್ಕೇ ದಕ್ಕಿತು. ನಾಲ್ಕು ನೂರು ವರ್ಷದ ಹಿಂದಿನ ನಾಟಕಕ್ಕೆ ಯಾರೂ ಮಾರ್ಕ್ಸ್ ಕಡಿಯುವುದಿಲ್ಲ, ನಿನಗೆ ಕಡಿಯುತ್ತಾರೆ. 'ಕನ್ಸಿಡರಿಂಗ್', 'ರಿಗಾರ್ಡಿಂಗ್' ಇಂಥವಕ್ಕೆ ಮಾತ್ರ ಈಗ ಸಬ್ಜೆಕ್ಟ್ ಹುಡುಕಬೇಕಿಲ್ಲ. ಅವು ಸವೆದು ಸವೆದು ಬೇರೆ ಜಾತಿಯ ಪದಗಳೇ ಆಗಿವೆ.

ಕೊಪ್ಪಳದಿಂದ: 'ಆಲ್ದೋ' ಬಂದ ಮೇಲೆ 'ಬಟ್' ಹಾಕಬಾರದು ಅನ್ನುತ್ತಾರೆ. 'ದೆನ್', 'ಹೌಎವರ್' ಕಥೆ ಏನು ಸರ್?

ಉತ್ತರ: 'ಓದಿದರೂ ಆದರೆ ಪಾಸಾಗಲಿಲ್ಲ' ಅನ್ನುತ್ತೀಯಾ? ಇಲ್ಲವಲ್ಲ. ಅಲ್ಲೂ ಅಷ್ಟೇ, ಎರಡರಲ್ಲಿ ಒಂದು ಸಾಕು. 'ಬಿಕಾಸ್' ಜೊತೆ 'ಸೋ' ಕೂಡ ಹಾಗೇ.

'ದೆನ್', 'ಹೌಎವರ್' ಎರಡೂ ಆಡ್ವರ್ಬ್. ಕಂಜಂಕ್ಷನ್ ಹಾಗೆ ಎರಡು ವಾಕ್ಯ ಹಿಡಿದಿಡುವ ಶಕ್ತಿ ಅವಕ್ಕಿಲ್ಲ. 'ವಿ ಚೆಕ್ಡ್ ದ ಲಾಟ್, ದೆನ್ ವಿ ಪ್ಯಾಕ್ಡ್ ಇಟ್' ಅಂತ ಕಥೆಗಳಲ್ಲಿ ಕಾಣಬಹುದು. ಪರೀಕ್ಷೆಯಲ್ಲಿ 'ಆ್ಯಂಡ್ ದೆನ್' ಅಂತಲೇ ಬರೆ. 'ಹೌಎವರ್' ಇದ್ದರೆ ಹಿಂದೆ ಪೂರ್ಣವಿರಾಮ ಅಥವಾ ಸೆಮಿಕೋಲನ್ ಇರಲಿ, ಮುಂದೆ ಕಾಮಾ.

ಮತ್ತೆ ಬಳ್ಳಾರಿಯಿಂದ: ಸರ್, ಇದನ್ನು ಕಳಿಸಲಾ? 'ದ ಬಾಯ್ಲರ್ ಫೇಲ್ಡ್ ಆನ್ ಮಂಡೇ, ಡಿಲೇಯಿಂಗ್ ದ ಲಾಟ್. ವಿ ಹ್ಯಾವ್ ನೌ ವಾಷ್ಡ್, ಐರನ್ಡ್ ಆ್ಯಂಡ್ ಪ್ಯಾಕ್ಡ್ ಇಟ್, ದೆನ್ ವಿಲ್ ಲೋಡ್ ಇಟ್ ಟುನೈಟ್.'

ಉತ್ತರ: ಮೊದಲ ವಾಕ್ಯ ಮುಟ್ಟಬೇಡ. ಎರಡನೆಯದರಲ್ಲಿ 'ದೆನ್' ತೆಗೆದು 'ಆ್ಯಂಡ್' ಹಾಕು. 'ಡ್ರೈಡ್' ಬಿಟ್ಟಿದ್ದು ಒಳ್ಳೆಯದಾಯಿತು. ಹಸಿ ಪ್ಯಾಂಟು ಯಾರೂ ಪ್ಯಾಕ್ ಮಾಡುವುದಿಲ್ಲ ಅಂತ ಪಾರ್ಟಿಗೂ ಗೊತ್ತಿರುತ್ತದೆ. ಕಳಿಸು.