ಕಲ್ಚರ್ ನಾರ್ಮಲ್, ಆದರೂ ಮೂತ್ರಕೋಶದ ನೋವು ಹೋಗ್ತಿಲ್ಲ. ಮುಂದೇನು?

ಪ್ರಶ್ನೆ: ಆರೋಗ್ಯ ಉಪಕೇಂದ್ರ, ಶಿಡ್ಲಘಟ್ಟ ತಾಲ್ಲೂಕು

ಹೆಣ್ಣುಮಗಳಿಗೆ 38 ವರ್ಷ, ರೇಷ್ಮೆ ರೀಲಿಂಗ್ ಕೆಲಸ. ಎಂಟು ತಿಂಗಳಿಂದ ಕಿಬ್ಬೊಟ್ಟೆಯಲ್ಲಿ ಒತ್ತಿ ಹಿಡಿದಂಥ ನೋವು. ಮೂತ್ರ ತುಂಬಿದಷ್ಟೂ ಜಾಸ್ತಿ, ಒಂದಕ್ಕೆ ಹೋಗಿಬಂದರೆ ಅರ್ಧ ಗಂಟೆ ಸಮಾಧಾನ, ಮತ್ತೆ ಶುರು. ಹಗಲು 16 ಸಲ, ರಾತ್ರಿ 3–4 ಸಲ. ಜ್ವರ ಇಲ್ಲ, ರಕ್ತ ಕಂಡಿಲ್ಲ. ಮೂರು ಸಲ ಮೂತ್ರದ ಕಲ್ಚರ್ (ರೋಗಾಣು ಬೆಳೆಸಿ ನೋಡೋ ಪರೀಕ್ಷೆ) ಮಾಡಿಸಿದರೂ ಏನೂ ಬೆಳೆದಿಲ್ಲ. ಆದರೆ ರೊಟೀನ್‌ನಲ್ಲಿ ಪಸ್ ಸೆಲ್ (ಕೀವಿನ ಕಣ) 6–8 ಇದೆ ಅಂತ ಐದು ಕೋರ್ಸ್ ಆಂಟಿಬಯಾಟಿಕ್ ಆಗಿದೆ. ಮನೆಯಲ್ಲಿ ಉಷ್ಣ ಅಂತ ದಿನಾ ಎರಡು ಲೋಟ ನಿಂಬೆ ಪಾನಕ ಕೊಡ್ತಿದ್ದಾರೆ. ಗರ್ಭಕೋಶ ತೆಗೆಸಿಬಿಡಿ ಅಂತ ಯಾರೋ ಹೇಳಿದ್ದಕ್ಕೆ ಮನೆಯವರು ಒಪ್ಪಿಯೂ ಆಗಿದೆ. ಬ್ಲ್ಯಾಡರ್ ಪೇಯ್ನ್ ಸಿಂಡ್ರೋಮ್ (ಸೋಂಕಿಲ್ಲದೆ ಬಹುಕಾಲ ಕಾಡೋ ಮೂತ್ರಕೋಶದ ನೋವು) ಇರಬಹುದಾ? ನಮ್ಮ ಮಟ್ಟದಲ್ಲಿ ಏನು ಮಾಡಬಹುದು?

ಉತ್ತರ 1: ಯೂರಾಲಜಿ, ಕೋಲಾರ

ಮೊದಲು ಗರ್ಭಕೋಶದ ಆಪರೇಷನ್ ಮಾತು ನಿಲ್ಲಿಸಿ. ತುಂಬಿದಾಗ ನೋವು, ಖಾಲಿಯಾದಾಗ ಆರಾಮ ಅಂದರೆ ಅದು ಮೂತ್ರಕೋಶ ಹೇಳೋ ಭಾಷೆ. ಗರ್ಭಕೋಶ ತೆಗೆದರೆ ಆ ನೋವು ಅಲ್ಲೇ ಇರುತ್ತೆ. ಮುಟ್ಟಿನ ಜೊತೆ ಏರಿ ಇಳಿಯೋ ನೋವಾದರೆ ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥದ್ದು ಹೊರಗೆ ಬೆಳೆಯೋ ತೊಂದರೆ) ನೋಡಬೇಕು, ಅದು ಬೇರೆ ವಿಚಾರಣೆ. ಎರಡೂ ಒಟ್ಟಿಗೆ ಇರೋದೂ ಉಂಟು.

ಸೋಂಕಿಲ್ಲದೆ 6 ವಾರಕ್ಕಿಂತ ಹೆಚ್ಚು ಇಂಥ ನೋವಿದ್ದರೆ ಈ ಹೆಸರು ಯೋಚಿಸಬಹುದು. ಆದರೆ ಬೇರೆಯದನ್ನೆಲ್ಲ ತಳ್ಳಿಹಾಕಿದ ಮೇಲೆ ಮಾತ್ರ. ಆ ಮೂರು ಕಲ್ಚರ್ ಯಾವಾಗ ಕೊಟ್ಟಿದ್ದು ಅಂತ ಕೇಳಿ. ಮಾತ್ರೆ ನುಂಗುತ್ತಿರುವಾಗ ಕೊಟ್ಟಿದ್ದರೆ ಆ ರಿಪೋರ್ಟಿಗೆ ಬೆಲೆ ಇಲ್ಲ. ಆಂಟಿಬಯಾಟಿಕ್ ಬಿಟ್ಟು ಎರಡು ವಾರ ಆದಮೇಲೆ ಮತ್ತೊಂದು ಕೊಡಿಸಿ. ಬರೀ ನೀರಿನಲ್ಲಿ ತೊಳೆದು, ಯೋನಿಯ ತುಟಿ ಬಿಡಿಸಿ ಹಿಡಿದು, ಮೊದಲ ಧಾರೆ ಬಿಟ್ಟು ನಡುವಿನದು ಹಿಡಿಯಬೇಕು. ರಿಪೋರ್ಟಿನಲ್ಲಿ ಎಪಿಥೀಲಿಯಲ್ ಸೆಲ್ (ಮೇಲ್ಪದರದಿಂದ ಉದುರಿದ ಕಣ) ಜಾಸ್ತಿ ಇದ್ದರೆ ಆ ಪಸ್ ಸೆಲ್ ಯೋನಿಯಿಂದ ಬಂದಿದ್ದಿರಬಹುದು.

ಸರಿಯಾಗಿ ಹಿಡಿದ ಸ್ಯಾಂಪಲ್‌ನಲ್ಲೂ ಪಸ್ ಸೆಲ್ ಇದ್ದು ಏನೂ ಬೆಳೆಯದಿದ್ದರೆ ನಮ್ಮ ದೇಶದಲ್ಲಿ ಟಿಬಿ ಮರೆಯೋ ಹಾಗಿಲ್ಲ. ಮೂರು ದಿನ ಬೆಳಗಿನ ಮೊದಲ ಮೂತ್ರ ಎಎಫ್‌ಬಿಗೆ, ಜೊತೆಗೆ ಸಿಬಿನಾಟ್; ಎರಡೂ ಟಿಬಿ ರೋಗಾಣು ಹುಡುಕೋ ಪರೀಕ್ಷೆ. ಸ್ಕ್ಯಾನಿಂಗ್‌ನಲ್ಲಿ ಮೂತ್ರ ಮಾಡಿದ ಮೇಲೆ ಎಷ್ಟು ಉಳಿಯುತ್ತೆ ಅಂತ ಬರೆಸಿ. ಮೂತ್ರಪಿಂಡದಿಂದ ಇಳಿಯೋ ನಾಳದ ಕೆಳತುದಿಯಲ್ಲಿ ಸಿಕ್ಕಿಕೊಂಡ ಕಲ್ಲೂ ಹೀಗೇ ಕಾಡುತ್ತೆ. ಮುಟ್ಟು ನಿಂತವರಲ್ಲಿ ಯೋನಿ ಒಣಗಿ ಆಗೋ ಉರಿಗೆ ಈಸ್ಟ್ರೋಜನ್ ಕ್ರೀಮ್ ಸಾಕಾಗಬಹುದು. ಯಾವ ವಯಸ್ಸಿನವರಾದರೂ ಮೂತ್ರದಲ್ಲಿ ರಕ್ತ ಕಂಡರೆ ತಡ ಮಾಡದೆ ಕಳಿಸಿ.

ಮೂತ್ರಕೋಶದೊಳಗೆ ದೂರಬೀನು ಹಾಕಿ ನೋಡಿದಾಗ ಕೆಲವರಲ್ಲಿ ಕೆಂಪು ಹುಣ್ಣು ಸಿಗುತ್ತೆ, ಹನ್ನರ್ ಲೀಶನ್ ಅಂತೀವಿ. ಅದನ್ನು ಸುಟ್ಟರೆ ಅಥವಾ ಅಲ್ಲಿಗೇ ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟರೆ ನೋವು ಚೆನ್ನಾಗಿ ಇಳಿಯುತ್ತೆ, ಆದರೆ ಮತ್ತೆ ಬರಬಹುದು. ಖರ್ಚಿನ ಚಿಂತೆ ಇದ್ದರೆ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ ಆವರಣದಲ್ಲಿ ಸರ್ಕಾರದ ನೆಫ್ರೋ ಯೂರಾಲಜಿ ಸಂಸ್ಥೆ ಇದೆ.

ಮಾತ್ರೆ ವಿಷಯ. ರಾತ್ರಿ ಅಮಿಟ್ರಿಪ್ಟಿಲೀನ್ 10 ಮಿಗ್ರಾಂನಿಂದ ಶುರು ಮಾಡಿ, ವೈದ್ಯರು ನಿಧಾನಕ್ಕೆ ಏರಿಸ್ತಾರೆ. ಬಾಯಿ ಒಣಗುತ್ತೆ, ಮಲಬದ್ಧತೆ ಆಗುತ್ತೆ. ಗ್ಲಾಕೋಮಾ (ಕಣ್ಣಿನ ಒತ್ತಡದ ಕಾಯಿಲೆ) ಅಥವಾ ಹೃದಯದ ಬಡಿತದ ತೊಂದರೆ ಇದ್ದರೆ ಮೊದಲೇ ಹೇಳಬೇಕು. ಇದು ಖಿನ್ನತೆಗೂ ಕೊಡೋ ಮಾತ್ರೆ. ಮೊಬೈಲಿನಲ್ಲಿ ಹುಡುಕಿದ ಮೈದುನ 'ಅತ್ತಿಗೆಗೆ ತಲೆ ಕೆಟ್ಟಿದೆ ಅಂತ ಕೊಟ್ಟಿದ್ದಾರೆ' ಅನ್ನೋ ಮುಂಚೆ, ಇದು ನರದ ನೋವಿಗೆ ಕೊಡೋ ಸಣ್ಣ ಡೋಸು ಅಂತ ನೀವೇ ಹೇಳಿಬಿಡಿ. ಇದೇ ಮೂತ್ರಕೋಶದ ನೋವಿಗೆ ಕೊಡೋ ಪೆಂಟೋಸಾನ್ ಕ್ಯಾಪ್ಸೂಲ್ ಬರೆದರೆ ಶುರುವಿನಲ್ಲೇ ಕಣ್ಣಿನ ಅಕ್ಷಿಪಟಲ ಪರೀಕ್ಷೆ ಆಗಬೇಕು, ವರ್ಷಗಟ್ಟಲೆ ತಿಂದವರಲ್ಲಿ ದೃಷ್ಟಿ ಹಾಳಾಗಿದ್ದುಂಟು. ಮೂತ್ರಕೋಶಕ್ಕೇ ನಳಿಕೆಯಿಂದ ಬಿಡೋ ಔಷಧಿ ಡಿಎಂಎಸ್‌ಒ ಹಾಕಿಸಿಕೊಂಡರೆ ಒಂದೆರಡು ದಿನ ಉಸಿರಲ್ಲಿ ಬೆಳ್ಳುಳ್ಳಿ ವಾಸನೆ ಬರುತ್ತೆ. ಗಾಬರಿ ಬೇಡ.

ಉತ್ತರ 2: ಆಹಾರ ಸಲಹೆ, ಮುಳಬಾಗಿಲು

ಆ ನಿಂಬೆ ಪಾನಕ ಇವತ್ತೇ ನಿಲ್ಲಿಸಿ ಮೇಡಂ. ಉಷ್ಣ ಅಂತ ಕೊಡೋದೇ ಉರಿಗೆ ತುಪ್ಪ ಸುರಿದ ಹಾಗೆ. ವಿಟಮಿನ್ ಸಿ ಚೀಪೋ ಮಾತ್ರೆ, ಕ್ರ್ಯಾನ್‌ಬೆರಿ ಜ್ಯೂಸ್ ಕೂಡ ಅದೇ ಸಾಲಿಗೆ.

ಹೆಚ್ಚಿನವರಿಗೆ ಕೆರಳಿಸೋದು ಟೊಮ್ಯಾಟೊ, ಹುಣಸೆಹಣ್ಣು, ನಿಂಬೆ ಜಾತಿ, ಖಾರ, ಕಾಫಿ, ಟೀ, ಸೋಡಾ. ಟೊಮ್ಯಾಟೊ ಲಾರಿಗಟ್ಟಲೆ ಹೋಗೋ ಜಿಲ್ಲೆಯಲ್ಲಿ ಟೊಮ್ಯಾಟೊ ಬಿಡಿ ಅಂದರೆ ನಗ್ತಾರೆ, ಗೊತ್ತು. ಎರಡೇ ವಾರ ಅನ್ನಿ. ಮುದ್ದೆ ಬಿಡೋದು ಬೇಡ, ಸಾರು ಬದಲಿಸಿದರೆ ಸಾಕು. ಹಿದುಕಿದ ಅವರೆಬೇಳೆ ಅಥವಾ ತೊಗರಿಬೇಳೆ ಜೊತೆ ಸೋರೆಕಾಯಿ ಬೇಯಿಸಿ. ಅರ್ಧ ಹಿಡಿ ಕಾಯಿತುರಿ, 1 ಚಮಚ ಧನಿಯ, ಅರ್ಧ ಚಮಚ ಜೀರಿಗೆ, ಬೀಜ ಉದುರಿಸಿದ 1 ಬ್ಯಾಡಗಿ ಮೆಣಸಿನಕಾಯಿ ನುಣ್ಣಗೆ ರುಬ್ಬಿ ಹಾಕಿ, ಬೆಳ್ಳುಳ್ಳಿ ಒಗ್ಗರಣೆ ಕೊಡಿ. ಹುಳಿ ಇಲ್ಲದ ಸಾರು ಸಪ್ಪೆ ಅನ್ನಿಸದೆ ಇರೋದು ಈ ಒಗ್ಗರಣೆಯಿಂದ. ಬೆಳ್ಳುಳ್ಳಿ ಕೆಂಪಗಾಗೋವರೆಗೂ ಇಳಿಸಬೇಡಿ. ಟೀ ಒಂದೇ ದಿನ ಬಿಟ್ಟರೆ ತಲೆನೋವು ಬರುತ್ತೆ, ವಾರದಲ್ಲಿ ಒಂದೊಂದೇ ಲೋಟ ಇಳಿಸಿ.

ಎರಡು ವಾರದಲ್ಲಿ ನೋವು ಇಳಿದರೆ ಒಂದೊಂದೇ ಪದಾರ್ಥ ವಾಪಸ್ ತನ್ನಿ, ನಡುವೆ 3 ದಿನ ಬಿಟ್ಟು. ಯಾವುದಕ್ಕೆ ನೋವು ಏಳುತ್ತೋ ಅದೊಂದನ್ನೇ ಬಿಡಿಸಿ. ಏನೂ ವ್ಯತ್ಯಾಸ ಕಾಣದಿದ್ದರೆ ಪಥ್ಯ ಮುಗಿಸಿಬಿಡಿ. ಎಲ್ಲರಿಗೂ ಊಟದಿಂದಲೇ ಆಗಲ್ಲ, ಸುಮ್ಮನೆ ಬಾಯಿ ಕಟ್ಟಿಸಿ ರಕ್ತಹೀನತೆ ತರೋದು ಬೇಡ. ಮೂತ್ರದ ಉರಿಗೆ ಕೊಡೋ ಹಲವು ಸಿಟ್ರೇಟ್ ಸಿರಪ್‌ಗಳಲ್ಲಿ ಸೋಡಿಯಂ ಇರುತ್ತೆ, ಬಿಪಿ ಇದ್ದವರು ಕೇಳದೆ ಕುಡಿಯಬಾರದು.

ಉತ್ತರ 3: ಫಿಸಿಯೋಥೆರಪಿ, ತುಮಕೂರು

ಯಾರಾದರೂ ಕೀಗಲ್ (ಮೂತ್ರ ತಡೆಯೋ ತಳದ ಸ್ನಾಯು ಬಿಗಿಸೋ ವ್ಯಾಯಾಮ) ಹೇಳಿಕೊಟ್ಟಿದ್ದರೆ ಬಿಡಿಸಿ. ಈ ನೋವಿನಲ್ಲಿ ತಳದ ಸ್ನಾಯು ಸಡಿಲ ಆಗಿರೋದು ಕಡಿಮೆ, ಮುಷ್ಟಿ ಕಟ್ಟಿದ ಹಾಗೆ ಬಿಗಿದಿರುತ್ತೆ. ಅದನ್ನೇ ಇನ್ನೂ ಬಿಗಿಸಿದರೆ ನೋವು ಏರುತ್ತೆ.

ಬೆನ್ನ ಮೇಲೆ ಮಲಗಿ ಮಂಡಿ ಮಡಚಿ, ಒಂದು ಕೈ ಹೊಟ್ಟೆ ಮೇಲೆ. ಉಸಿರು ಎಳೆದಾಗ ಹೊಟ್ಟೆ ಉಬ್ಬಬೇಕು, ಜೊತೆಗೇ ಕೆಳಗಿನ ಭಾಗ ತಾನಾಗಿ ಇಳಿಬೀಳಬೇಕು. ಮುಕ್ಕಬಾರದು. 5 ನಿಮಿಷ, ಬೆಳಗ್ಗೆ ಸಂಜೆ. ಬಟ್ಟೆ ಸುತ್ತಿದ ಬಿಸಿನೀರಿನ ಬ್ಯಾಗು 15 ನಿಮಿಷ ಕಿಬ್ಬೊಟ್ಟೆಗೆ. ಕೆಲವರಿಗೆ ತಣ್ಣನೆಯದೇ ಹಿತ. ಮಲಬದ್ಧತೆ ಮೊದಲು ಸರಿಮಾಡಿ, ಮುಕ್ಕಿದಷ್ಟೂ ಆ ಸ್ನಾಯು ಗಂಟಾಗುತ್ತೆ. ನೋವು ಸ್ವಲ್ಪ ಹತೋಟಿಗೆ ಬಂದಮೇಲೆ ಮಾತ್ರ ಅಂತರ ಹೆಚ್ಚಿಸೋ ಅಭ್ಯಾಸ: ಈಗ ಮುಕ್ಕಾಲು ಗಂಟೆಗೊಮ್ಮೆ ಹೋಗ್ತಿದ್ದರೆ ಒಂದು ಗಂಟೆ, ವಾರ ಬಿಟ್ಟು ಇನ್ನು 15 ನಿಮಿಷ.

ಪ್ರಶ್ನೆ ಕೇಳಿದವರು

ಅವರು ಕೆಲಸ ಮಾಡೋ ಕಡೆ ಟಾಯ್ಲೆಟ್ ಇಲ್ಲ. ಬೆಳಗ್ಗಿಂದ ನೀರೇ ಕುಡಿಯಲ್ಲ, ಸಂಜೆ ಮನೆಗೆ ಬಂದು ಒಟ್ಟಿಗೆ ಒಂದು ಚೊಂಬು ಕುಡೀತಾರೆ. ಎಷ್ಟು ಮೂತ್ರ ಹೋಗುತ್ತೆ ಅಂತ ಅಳೆಯೋದು ಹೇಗೆ?

ಉತ್ತರ 1: ಯೂರಾಲಜಿ, ಕೋಲಾರ

ರೋಗದ ಅರ್ಧ ಪಾಲು ಅಲ್ಲೇ ಇದೆ. ನೀರು ಕಡಿಮೆ ಆದರೆ ಮೂತ್ರ ಗಟ್ಟಿಯಾಗಿ ಒಳಪದರ ಉರಿಸುತ್ತೆ, ಸಂಜೆಯ ಚೊಂಬು ರಾತ್ರಿ ಎಬ್ಬಿಸುತ್ತೆ. ದಿನಕ್ಕೆ ಒಂದೂವರೆ ಇಂದ 2 ಲೀಟರ್, ಗಂಟೆಗೆ ಅರ್ಧ ಲೋಟದಂತೆ, ಮಲಗೋ 2 ಗಂಟೆ ಮುಂಚೆ ನಿಲ್ಲಿಸಿ. ಟಾಯ್ಲೆಟ್ ವಿಷಯ ಮಾಲೀಕರ ಹತ್ತಿರ ಅವರೊಬ್ಬರಿಂದ ಕೇಳಿಸಬೇಡಿ, ನೀವೂ ಆಶಾ ಕಾರ್ಯಕರ್ತೆಯೂ ಹೋಗಿ ಮಾತಾಡಿ.

ಅಳೆಯೋಕೆ ಲೀಟರ್ ನೀರಿನ ಬಾಟಲಿಯ ಕತ್ತು ಕತ್ತರಿಸಿ, ಅಂಚಿಗೆ ಟೇಪ್ ಸುತ್ತಿ. ಖಾಲಿಯಾದ 100 ಎಂಎಲ್ ಕೆಮ್ಮಿನ ಸಿರಪ್ ಬಾಟಲಿಯಲ್ಲಿ ನೀರು ತುಂಬಿ ಸುರಿಯುತ್ತಾ, ಪ್ರತಿ ಸಲ ನೀರು ನಿಂತ ಮಟ್ಟಕ್ಕೆ ಉಗುರುಬಣ್ಣದಲ್ಲಿ ಗೆರೆ ಎಳೆಯಿರಿ. ರಜೆಯ ದಿನ ಸೇರಿಸಿ 3 ದಿನ ಸಮಯ, ಅಳತೆ, ನೋವು ಹತ್ತರಲ್ಲಿ ಎಷ್ಟು ಅಂತ ಬರೆಸಿ. ಓದು ಬರಹ ಬರದಿದ್ದರೆ ಗೆರೆ ಎಣಿಸಿ ಮಕ್ಕಳು ಬರೀಲಿ. ಹಗಲೂ ರಾತ್ರಿಯೂ ಒಂದು ಸಲಕ್ಕೆ 80–120 ಎಂಎಲ್ ಮಾತ್ರ ಬಂದರೆ ನಮ್ಮ ಊಹೆಗೆ ಬಲ ಬಂತು. ಪ್ರತಿ ಸಲ 300 ಎಂಎಲ್ ಬರ್ತಿದ್ದರೆ ಮೂತ್ರಕೋಶ ಬಿಟ್ಟು ಮೊದಲು ಶುಗರ್ ಚೆಕ್ ಮಾಡಿ. ಆ ಹಾಳೆ ರೆಫರಲ್ ಚೀಟಿಗೆ ಪಿನ್ ಮಾಡಿಯೇ ಕಳಿಸಿ.