350 ಬೀಳುವ ಪ್ಯಾಂಟನ್ನು 340ಕ್ಕೆ ಕೊಡಬಹುದಾ?

ಕೌಲ್‌ಬಜಾರ್ ಜೀನ್ಸ್:
ಬಳ್ಳಾರಿಯಲ್ಲಿ ನಮ್ಮದು ಸಣ್ಣ ಜೀನ್ಸ್ ಯುನಿಟ್. ದಿನಕ್ಕೆ 100 ಪ್ಯಾಂಟ್, ತಿಂಗಳಲ್ಲಿ 25 ದಿನ ಕೆಲಸ. ಒಂದಕ್ಕೆ ಬಟ್ಟೆ 200, ಹೊಲಿಗೆ ಕೂಲಿ 55, ವಾಷಿಂಗ್ 30, ಜಿಪ್ಪು-ಗುಂಡಿ-ದಾರ-ಪ್ಯಾಕಿಂಗ್ 35. ಒಟ್ಟು 320. ಬಾಡಿಗೆ, ಕಟಿಂಗ್ ಮಾಸ್ಟರ್ ಸಂಬಳ ಎಲ್ಲ ಸೇರಿ ತಿಂಗಳಿಗೆ 75,000. ಅದನ್ನೂ ಹಂಚಿದರೆ ಪ್ಯಾಂಟಿಗೆ 350 ಬೀಳುತ್ತದೆ. 385ಕ್ಕೆ ಮಾರುತ್ತೇನೆ.

ಈಗ ಆದೋನಿಯ ವ್ಯಾಪಾರಿಯೊಬ್ಬರು ತಿಂಗಳಿಗೆ 1,000 ಕೇಳುತ್ತಿದ್ದಾರೆ. 340ರ ಮೇಲೆ ಒಂದು ರೂಪಾಯಿ ಏರಲ್ಲ. "ಕೈಯಿಂದ ಹತ್ತು ರೂಪಾಯಿ ಹಾಕಿ ಯಾರಾದ್ರೂ ವ್ಯಾಪಾರ ಮಾಡ್ತಾರಾ" ಅಂತ ನಮ್ಮಪ್ಪ ಬೈದರು. ಮಷಿನ್‌ಗಳು ಮಾತ್ರ ಸಂಜೆ ನಾಲ್ಕಕ್ಕೇ ಸುಮ್ನೆ ನಿಲ್ಲುತ್ತಿವೆ.

ರಾಯಚೂರು ಹತ್ತಿ:
ಅಪ್ಪ ಹೇಳಿದ್ದೇ ಸರಿ. ಬೇಡ.

ಹಳೇ ಟೈಲರ್:
ಇಲ್ಲ ತಮ್ಮಾ. ಆ 75,000 ಈ ಆರ್ಡರ್ ಬಂದರೂ ಹೋಗುತ್ತದೆ, ಬರದಿದ್ದರೂ ಹೋಗುತ್ತದೆ. ಹೊಸ ಪ್ಯಾಂಟಿನ ತಲೆ ಮೇಲೆ ಬಾಡಿಗೆ ಯಾಕೆ ಹೊರಿಸುತ್ತೀರಿ? ಅದಕ್ಕೆ ಬೀಳುವುದು 320, ಬರುವುದು 340. ಹೀಗೆ ಇನ್ನೊಂದು ಪ್ಯಾಂಟಿಗೆ ಹೊಸದಾಗಿ ಬೀಳುವ ಆ 320ಕ್ಕೇ ಸೀಮಾಂತ ವೆಚ್ಚ ಅಂತಾರಂತೆ. ನಾನು ಓದಿದ್ದು ಏಳನೇ ಕ್ಲಾಸು, ಮಗಳ ಪಿಯುಸಿ ಪುಸ್ತಕದಲ್ಲಿ ನೋಡಿದ್ದು. ರಾತ್ರಿ ಕೂರಿಸದೆ ದಿನಕ್ಕೆ ಎಷ್ಟು ಹೊಲಿಯಬಹುದು?

ಕೌಲ್‌ಬಜಾರ್ ಜೀನ್ಸ್:
130 ಅಣ್ಣಾ. ಅದರ ಮೇಲೆ ಓಟಿ, ಚಹಾ, ಕರೆಂಟು ಸೇರಿ ಪ್ಯಾಂಟಿಗೆ 25 ಜಾಸ್ತಿ.

ಹಳೇ ಟೈಲರ್:
ಹಾಗಾದರೆ 750 ಒಪ್ಪಿಕೊಳ್ಳಿ, 15,000 ಉಳಿಯುತ್ತದೆ. ಮಿಕ್ಕ 250ಕ್ಕೆ 345 ಬೀಳುತ್ತದೆ. ಕೈಯಿಂದ ಹಾಕುವುದು ಅಂದರೆ ಅದು!

ಇನ್ನೊಂದು. ಲೇಬಲ್ಲು, ಹಿಂದಿನ ಜೇಬಿನ ಹೊಲಿಗೆ ಎರಡನ್ನೂ ಬದಲಿಸಿ. ನಾನು ಒಮ್ಮೆ ಹೀಗೇ ಕಡಿಮೆಗೆ ಕೊಟ್ಟೆ, ಲೇಬಲ್ ಅದೇ ಇತ್ತು. ವಾಷಿಂಗ್ ಯುನಿಟ್‌ನಲ್ಲಿ ಬಂಡಲ್ ನೋಡಿದ ಹಳೇ ಗಿರಾಕಿ "ನಂಗೂ ಅದೇ ರೇಟು ಹಾಕು" ಅಂತ ಬಂದು ಕೂತ. ನಿಮ್ಮ ಹಳೇ 2,500 ಪ್ಯಾಂಟಿನ ಮೇಲೆ ಬರೀ 6 ರೂಪಾಯಿ ಇಳಿಸಿದರೂ ಆ 15,000 ಅಲ್ಲಿಗಲ್ಲಿಗೇ ಆಯ್ತು, ಅಲ್ವಾ?

ಕೌಲ್‌ಬಜಾರ್ ಜೀನ್ಸ್:
ಫೋನ್ ಮಾಡಿದೆ. 750ಕ್ಕೆ ಒಪ್ಪಿದರು. ಆದರೆ ಎರಡು ತಿಂಗಳು ಉದ್ರಿಯಂತೆ.

ಹಳೇ ಟೈಲರ್:
ಅಂದರೆ ಎರಡು ತಿಂಗಳ 1,500 ಪ್ಯಾಂಟಿಗೆ 320ರಂತೆ ಯಾವಾಗಲೂ ನಿಮ್ಮ 4,80,000 ಅವರ ಹತ್ತಿರ ಕೂತಿರುತ್ತದೆ. ನೂರಕ್ಕೆ ಎರಡರ ಬಡ್ಡಿ ಹಿಡಿದರೆ ತಿಂಗಳಿಗೆ 9,600. ಉಳಿಯುವುದು 5,400. ಅಷ್ಟಕ್ಕೆ ವಸೂಲಿಗೆ ಅಂತ ಆದೋನಿ ಬಸ್ಸು ಹತ್ತುವವರು ಯಾರು, ನೀವೋ ಅಪ್ಪಾರೋ?