ಪದಚರ್ಚೆ: ‘ಕೈಗೊಂಬೆ’ ಬರೀ ಬೈಗುಳವಾಗಿ ಉಳ್ಕೊಂಡಿದ್ಯಾ? (ಮತ್ತೆ ಬಿಲ್‌ಬೋರ್ಡಿನ ಎರ್ನಿ)

ಎಲ್ರಿಗೂ ನಮಸ್ಕಾರ,

ಅಕ್ಕನ ಮಗಳ ಗೋಡೆಪತ್ರಿಕೆಗೆ ಗೊಂಬೆಗಳ ಬಗ್ಗೆ ಅರ್ಧ ಪುಟ ಬರ್ಕೊಡ್ತೀನಿ ಅಂತ ಒಪ್ಕೊಂಡು ಸಿಕ್ಕಾಕ್ಕೊಂಡಿದೀನಿ. ಅಮೆರಿಕದ ಮಕ್ಕಳ ಟಿವಿ ಕಾರ್ಯಕ್ರಮ ಸೆಸಮಿ ಸ್ಟ್ರೀಟಿನ ಗೊಂಬೆ ಎರ್ನಿ ಗೊತ್ತಲ್ಲ, ಕಿತ್ತಳೆ ಮುಖ, ಅಡ್ಡ ಪಟ್ಟೆ ಸ್ವೆಟರು. ಅವನು ಬಾತ್‌ಟಬ್ಬಲ್ಲಿ ಕೂತು ಹಳದಿ ರಬ್ಬರ್ ಬಾತುಕೋಳಿಗೆ ಹಾಡಿದ ಹಾಡು 1970ರಲ್ಲಿ ಅಮೆರಿಕದ ಬಿಲ್‌ಬೋರ್ಡ್ ಪತ್ರಿಕೆಯ ಹಾಟ್ 100 ಅನ್ನೋ ಜನಪ್ರಿಯ ಹಾಡುಗಳ ಪಟ್ಟೀಲಿ 16ನೇ ಜಾಗದವರೆಗೂ ಹೋಗಿತ್ತು. ನಾನು ಬರೆದಿದ್ದು: “ಎರ್ನಿ ಎಂಬ ಕೈಗೊಂಬೆ ಬಿಲ್‌ಬೋರ್ಡಿನಲ್ಲಿ 16ನೇ ಸ್ಥಾನ ಪಡೆಯಿತು.” ಅಮ್ಮ ಓದಿ ಎರಡೇ ಪ್ರಶ್ನೆ ಕೇಳಿದ್ರು. ಯಾರ ಕೈಗೊಂಬೆ? ಯಾವ ಸರ್ಕಲ್ಲಲ್ಲಿರೋ ಬೋರ್ಡು?

ಮೊದಲು ಕೈಗೊಂಬೆ ವಿಷಯ. ಪದ ನೋಡಿದ್ರೆ ಸರಿಯಾಗೇ ಇದೆ, ಕೈ ಒಳಗೆ ತೂರಿಸಿ ಆಡಿಸೋ ಗೊಂಬೆ. ಎರ್ನಿಗಂತೂ ಇನ್ನೂ ಚೆನ್ನಾಗಿ ಒಪ್ಪತ್ತೆ, ಯಾಕಂದ್ರೆ ಆಡಿಸ್ತಿದ್ದ ಜಿಮ್ ಹೆನ್ಸನ್ ಬಲಗೈ ಗೊಂಬೆಯ ತಲೆಯೊಳಗೆ, ಎಡಗೈ ಗೊಂಬೆಯ ಎಡಗೈ ಒಳಗೆ, ಇನ್ನು ಗೊಂಬೆಯ ಬಲಗೈಗೆ ಪಕ್ಕದಲ್ಲಿ ಒತ್ಕೊಂಡು ನಿಂತ ಇನ್ನೊಬ್ಬರ ಕೈ, ಹೀಗೆ ಒಂದು ಗೊಂಬೆಗೆ ಮೂರು ಕೈ. ಆದ್ರೆ ‘ಕೈಗೊಂಬೆ’ ಅಂದ ತಕ್ಷಣ ನಮ್ ಕಿವಿಗೆ ಬೀಳೋದು “ಹೈಕಮಾಂಡ್ ಕೈಗೊಂಬೆ”, “ಸಾಹುಕಾರನ ಕೈಗೊಂಬೆ”, ಅಷ್ಟೆ. ಗೊಂಬೆ ಕಳ್ದೋಗಿ ಬೈಗುಳ ಮಾತ್ರ ಉಳಿದಿದೆ. ತಮಾಷೆ ಅಂದ್ರೆ ‘ಸೂತ್ರದ ಗೊಂಬೆ’ಗೆ ಈ ಗತಿ ಬಂದಿಲ್ಲ. “ನಾವೆಲ್ಲ ಸೂತ್ರದ ಗೊಂಬೆಗಳು” ಅಂದ್ರೆ ಅಯ್ಯೋ ಪಾಪ ಅನ್ಸತ್ತೆ, ಕೈಗೊಂಬೆ ಅಂದ್ರೆ ಥೂ ಅನ್ಸತ್ತೆ. ನನ್ ಊಹೆ ಏನಂದ್ರೆ, ನಮ್ಮಲ್ಲಿ ಉಪ್ಪಿನಕುದ್ರಿನ ಸೂತ್ರದ ಗೊಂಬೆ, ಬಳ್ಳಾರಿ ಕಡೆ ತೊಗಲುಗೊಂಬೆ, ಇವನ್ನೆಲ್ಲ ಜನ ಕಣ್ಣಾರೆ ನೋಡಿದಾರೆ. ಕೇರಳದ ಪಾವಕಥಕಳಿ ಥರ ಕೈಗೆ ತೊಡೋ ಗೊಂಬೆ ಇಲ್ಲಿ ಅಷ್ಟು ಬಳಕೇಲಿ ಇರ್ಲಿಲ್ಲ, ಹಂಗಾಗಿ ಪದವನ್ನ ಹಿಡ್ಕೊಳಕ್ಕೆ ವಸ್ತುನೇ ಇಲ್ದೆ ಅದು ರಾಜಕೀಯಕ್ಕೆ ಹೋಗಿರ್ಬೇಕು. ತಪ್ಪಿದ್ರೆ ತಿದ್ದಿ.

ಹೆನ್ಸನ್ ತಮ್ಮ ಗೊಂಬೆಗಳಿಗೆ ಇಟ್ಟ ಹೆಸರು ‘ಮಪೆಟ್’, ಹಂಗಂತಾನೇ ಬಿಡೋಣ ಅಂದ್ರೆ ಅದಕ್ಕೂ ಇದೇ ಕಥೆ. ಮ್ಯಾರಿಯೊನೆಟ್ (ಸೂತ್ರದ ಗೊಂಬೆ) ಪ್ಲಸ್ ಪಪೆಟ್ (ಗೊಂಬೆ) ಅಂತ ಹೆನ್ಸನ್ ಮೊದಮೊದಲು ಹೇಳ್ತಿದ್ರು, ಆಮೇಲೆ ಕಿವಿಗೆ ಚೆನ್ನಾಗಿತ್ತು ಅಂತ ಸುಮ್ನೆ ಕಟ್ಟಿದ್ದು ಅಂದ್ರು. ಇಂಗ್ಲೆಂಡಲ್ಲಂತೂ ಮಪೆಟ್ ಅಂದ್ರೆ ಪೆದ್ದ! ಗೊಂಬೆಗೂ ಬೈಗುಳಕ್ಕೂ ಎಲ್ಲ ಕಡೆ ಬೀಗಸ್ತನ ಇದೆ ಅನ್ಸತ್ತೆ.

ಬಿಲ್‌ಬೋರ್ಡ್ ವಿಷಯದಲ್ಲಿ ನಗಾಡೋಕ್ ಹೋಗಿ ನಾನೇ ಬೇಸ್ತು ಬಿದ್ದೆ. ಅಮ್ಮ ಹೇಳಿದ್ದೇ ಮೂಲ ಅರ್ಥ. 1894ರಲ್ಲಿ ಸಿನ್ಸಿನಾಟಿಲಿ ಶುರುವಾದಾಗ ಅದು ಗೋಡೆಗೆ ಪೋಸ್ಟರ್ ಅಂಟಿಸೋ ಕಸುಬಿನವರ ಪತ್ರಿಕೆ. ಬಿಲ್ ಅಂದ್ರೆ ನಮ್ಮ ಹ್ಯಾಂಡ್‌ಬಿಲ್‌ನ ಬಿಲ್ಲು, ಹೋಟ್ಲು ಬಿಲ್ಲಲ್ಲ. ಆಮೇಲೆ ಸರ್ಕಸ್ಸು, ಜಾತ್ರೆ, ಊರೂರು ತಿರುಗೋ ಆಟದವರ ಸುದ್ದಿ ಎಲ್ಲ ಬಂತು, ಅಂಥವರ ಕಾಗದ ಪತ್ರಗಳನ್ನೂ ಪತ್ರಿಕೆಯವರೇ ಇಟ್ಕೊಂಡು ಅವರಿರೋ ಊರಿಗೆ ಕಳಿಸ್ತಿದ್ರು. ಹಾಟ್ 100 ಬಂದಿದ್ದು 1958ರಲ್ಲಿ. 1961ರಲ್ಲಿ ಜಾತ್ರೆ ಸರ್ಕಸ್ಸಿನ ಭಾಗ ಬೇರೆ ಪತ್ರಿಕೆಯಾಗಿ ಹೋಗಿ ಸಂಗೀತ ಮುಖ್ಯ ಆಯ್ತು. ಅಂದ್ರೆ ಜಾತ್ರೆ ಬಾಗಿಲಿಂದ ಹೊರಗೆ ಹಾಕಿದ ಮೇಲೆ ಗೊಂಬೆ ಗಾಯಕನ ವೇಷದಲ್ಲಿ ಒಳಗೆ ಬಂತು! ಇಂಥ ‘ಟ್ರೇಡ್ ಮ್ಯಾಗಜೀನ್’ಗೆ ‘ವ್ಯಾಪಾರಿ ಪತ್ರಿಕೆ’ ಅಂದ್ರೆ ಮಂಡಿ ರೇಟು ಕೊಡೋ ಪೇಪರ್ ಅನ್ಸತ್ತೆ, ‘ಉದ್ಯಮ ಪತ್ರಿಕೆ’ ಅಂದ್ರೆ ಫ್ಯಾಕ್ಟರಿ ವಾಸನೆ. ನಂಗೆ ‘ಕಸುಬಿನ ಪತ್ರಿಕೆ’ ಹಿಡಿಸಿದೆ.

ಕೊನೇ ಗೋಳು ವ್ಯಾಕರಣದ್ದು. ರೆಕಾರ್ಡ್ ಮೇಲೆ ಹೆಸರು “ಎರ್ನಿ (ಜಿಮ್ ಹೆನ್ಸನ್)” ಅಂತ ಇತ್ತು, ಗೊಂಬೆ ಮುಂದೆ, ಮನುಷ್ಯ ಬ್ರಾಕೆಟ್ಟಲ್ಲಿ. 1979ರಲ್ಲಿ ಹೆನ್ಸನ್ನರದೇ ಇನ್ನೊಂದು ಗೊಂಬೆ ಕರ್ಮಿಟ್ ಕಪ್ಪೆಯ ಸಿನಿಮಾ ಹಾಡಿಗೆ 25ನೇ ಜಾಗ ಸಿಕ್ಕಾಗ್ಲೂ ಹಂಗೇ. ಇಂಗ್ಲಿಷಲ್ಲಿ ‘ಸ್ಯಾಂಗ್’ ಅಂದ್ರೆ ಮುಗೀತು. ನಮ್ಗೆ ಹಾಡಿದನೋ ಹಾಡಿತೋ ಅಂತ ಅಲ್ಲೇ ತೀರ್ಮಾನ ಆಗ್ಬೇಕು. ಕರ್ಮಿಟ್ ಗೊಂಬೆನೂ ಹೌದು, ಕಪ್ಪೆನೂ ಹೌದು, ಎರಡು ಸಲ ನಪುಂಸಕ. ಆದ್ರೆ ಗೊಂಬೆಯಾಟದಲ್ಲಿ ‘ರಾವಣ ಬಂದ’ ಅಂತೀವೇ ಹೊರತು ‘ರಾವಣ ಬಂತು’ ಅಂತ ಯಾರೂ ಅನ್ನಲ್ಲ, ಆಟ ಮುಗಿಸಿ ಪೆಟ್ಟಿಗೆಗೆ ಹಾಕ್ವಾಗ ಮಾತ್ರ “ರಾವಣಂದು ಎಲ್ಲಿ, ಅದನ್ನ ಈ ಕಡೆ ಕೊಡು”.

ಸದ್ಯಕ್ಕೆ “ತೊಡುಗೊಂಬೆ ಎರ್ನಿ ಹಾಡಿದ” ಅಂತ ತಿದ್ದಿದೀನಿ. ‘ತೊಡುಗೊಂಬೆ’ ನಾನೇ ಕಟ್ಟಿದ್ದು, ‘ತೊಗಲುಗೊಂಬೆ’ಯ ಅಚ್ಚಿನ ತಪ್ಪು ಅನ್ಕೋತಾರೇನೋ ಅಂತ ಭಯ. ನಿಮ್ ಕಡೆ ಕೈಗೆ ಹಾಕ್ಕೊಂಡು ಆಡಿಸೋ ಗೊಂಬೆಗೆ ಮನೆಮಾತಲ್ಲಿ ಏನಾದ್ರೂ ಹೆಸರಿದ್ರೆ ಹೇಳಿ. ಸೋಮವಾರ ಅಂಟಿಸ್ಬೇಕು.